ಅಣ್ಣ ಬೈಯದ ಬೇಸಿಗೆ

ಗಂಗಾವತಿಯಲ್ಲಿ ನಮ್ಮದು ಹೊಲಿಗೆ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಪಡಸಾಲೆಯೇ. ಬೀದಿಗೆ ತೆರೆದುಕೊಳ್ಳುವ ಹಲಗೆ ಬಾಗಿಲು, ಮೇಲೆ ತಗಡು. ನಾವು ಸಿಂಪಿಗರು. ಅಜ್ಜನ ಕಾಲದಲ್ಲಿ ಎಲ್ಲವೂ ಕೈಹೊಲಿಗೆ. ಅಪ್ಪನ ಕೊನೆಗಾಲಕ್ಕೆ ಕಾಲಿನಿಂದ ತುಳಿಯುವ ಮಿಷನ್ನು ಮನೆಗೆ ಬಂತು. ಅಪ್ಪ ತೀರಿಕೊಂಡ ಮೇಲೆ ಅದರ ಮುಂದೆ ಅಣ್ಣ ಕುಳಿತ. ನಾನು ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕಾಜಾ ಮಾಡುತ್ತಿದ್ದೆ, ಗುಂಡಿ ಹಚ್ಚುತ್ತಿದ್ದೆ, ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆಯನ್ನು ಊದಿ ಊದಿ ಕಾಯಿಸುತ್ತಿದ್ದೆ. ನನಗಾಗ ಇಪ್ಪತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಒಳಗೆ ಅವ್ವ, ಅತ್ತಿಗೆ. ಅತ್ತಿಗೆಯನ್ನು ನಾನು ವೈನಿ ಎಂದು ಕರೆಯುತ್ತಿದ್ದೆ.

ಅಣ್ಣ ಬೈಯುವುದರಲ್ಲಿ ಎತ್ತಿದ ಕೈ. ಅವನ ಬೈಗುಳ ಕೇಳಲೆಂದೇ ಎದುರಿನ ಬಳೆ ಅಂಗಡಿಯವರು ಕಿವಿ ಈ ಕಡೆ ಇಟ್ಟಿರುತ್ತಿದ್ದರು. ನನ್ನ ಕಾಜಾ ಒಂದಿಷ್ಟು ಅಗಲವಾದರೆ ಸಾಕು, ಬಟ್ಟೆಯನ್ನು ಬೆಳಕಿಗೆ ಹಿಡಿದು, "ಏನಪಾ, ಇದರಾಗ ಗುಂಡಿ ಹಾಕಾಂವ ಅದಿಯೋ, ಕುಂಬಳಕಾಯಿ ತೂರಿಸಾಂವ ಅದಿಯೋ? ಬಿಚ್ಚು ಅದನ್ನ!" ಎನ್ನುತ್ತಿದ್ದ. ಬಿಚ್ಚಿ ಮತ್ತೆ ಹಾಕಿದರೆ ಹೆಬ್ಬೆರಳಿನಿಂದ ಸವರಿ ನೋಡುವನು. ಸರಿಯಿದ್ದರೆ ಏನೂ ಹೇಳುವುದಿಲ್ಲ. ಸಂಜೆ ಮಾತ್ರ ಚುರುಮುರಿ ತರಿಸಿ ನನ್ನ ಮುಂದೆ ಒಂದು ಹಿಡಿ ಹೆಚ್ಚಿಗೆ ಸುರಿಯುತ್ತಿದ್ದ. ನಾನು ಕೆಲಸ ಕಲಿತದ್ದು ಆ ಬೈಗುಳದಲ್ಲೇ.

ಅದು ಯುದ್ಧದ ಕಾಲ. ಬಟ್ಟೆಗೆ ಕಂಟ್ರೋಲು ಬಂದಿತ್ತು. ಒಂದು ಅಂಗಿಯ ಬಟ್ಟೆ ಸಿಗಬೇಕಾದರೆ ಜನ ಬಾಗಿಲಿಂದ ಬಾಗಿಲಿಗೆ ಅಲೆಯಬೇಕಾಗಿತ್ತು. ಹಾಗೆಂದು ಮದುವೆಗಳು ನಿಲ್ಲುತ್ತವೆಯೇ? ಸುಗ್ಗಿ ಮುಗಿದು ಮಳೆ ಬೀಳುವ ಮುಂಚಿನ ಆ ಉರಿಬಿಸಿಲಿನಲ್ಲೇ ನಮ್ಮ ಸೀಮೆಯ ಮದುವೆಗಳೆಲ್ಲ. ಸಿದ್ದಾಪುರದಿಂದ, ಕನಕಗಿರಿಯಿಂದ, ಕುಷ್ಟಗಿ ಕಡೆಯಿಂದಲೂ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಮಗಳ ಮದುವೆಗೆಂದು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಕಾಪಿಟ್ಟ ಖಣ, ರೇಷ್ಮೆ, ಮಲ್ಲು. ಹೆಂಗಸರು ಅದನ್ನು ನೆಲಕ್ಕೆ ತಾಗಗೊಡದೆ ಮಡಿಲಲ್ಲೇ ಬಿಚ್ಚಿ ತೋರಿಸುತ್ತಿದ್ದರು. "ಮಾಸ್ತರ್ರ, ಮತ್ತ ಇಂಥಾದ್ದು ಸಿಗೂದಿಲ್ರಿ. ನಿಮ್ಮ ಕೈಯಾಗ ಇಟ್ಟೀನಿ," ಎಂದು ಅಣ್ಣನ ಮುಂದೆ ಇಡುತ್ತಿದ್ದರು.

ಅಣ್ಣನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಅವನು ಕುತ್ತಿಗೆ ಪಟ್ಟಿ ಕೂರಿಸಿದರೆ ಅದು ಕೊರಳಿನ ಜೊತೆಗೇ ಹುಟ್ಟಿದ್ದಿರಬೇಕು ಅನ್ನಿಸುತ್ತಿತ್ತು. ಆ ಹೆಸರು ಅವನಿಗೆ ಹಿತವಾಗಿತ್ತು. ಯಾರು ಬಂದರೂ, "ಇಡ್ರಿ, ನೋಡೂಣು," ಎಂದುಬಿಡುತ್ತಿದ್ದ. ಗೋಡೆಯ ಮೂಲೆಯಲ್ಲಿ ಗಂಟುಗಳ ರಾಶಿ ಬೆಳೆಯುತ್ತಾ ಹೋಗಿ ಕಿಟಕಿಯನ್ನು ಅರ್ಧ ಮುಚ್ಚಿತು. ಇದ್ದಷ್ಟು ಗಾಳಿಯೂ ಹೋಯಿತು.

ಗಂಗಾವತಿಯ ಬೇಸಿಗೆ ಕಂಡವರಿಗೆ ಹೇಳಬೇಕಾಗಿಲ್ಲ. ಸುತ್ತಲೂ ಬಂಡೆಗಳ ಗುಡ್ಡ. ಸೂರ್ಯ ಮುಳುಗಿದ ಮೇಲೆಯೂ ಕಲ್ಲು ತಾನು ಕುಡಿದ ಬಿಸಿಲನ್ನು ಊರ ಮೇಲೆ ಬಿಡುತ್ತಿರುತ್ತದೆ. ತಗಡಿನ ಕೆಳಗೆ ನಾವು, ಪಕ್ಕದಲ್ಲಿ ನಿಗಿನಿಗಿ ಇಸ್ತ್ರಿ. ರೇಷ್ಮೆಗೆ ಬೆವರಿನ ಕಲೆ ಹತ್ತಬಾರದೆಂದು ಅಣ್ಣ ಮೊಣಕೈಗೂ ಹಣೆಗೂ ಪಂಚೆಯ ತುಂಡು ಸುತ್ತಿಕೊಂಡು ಕೂರುತ್ತಿದ್ದ. ಮಧ್ಯಾಹ್ನ ಊರೆಲ್ಲ ಬಾಗಿಲು ಹಾಕಿಕೊಂಡು ಮಲಗಿದಾಗ ನಮ್ಮ ಮಿಷನ್ನಿನ ಸದ್ದೊಂದೇ ಕೇಳಿಸುವುದು. ಊಟಕ್ಕೆ ಎದ್ದರೆ ಹೊತ್ತು ಹೋಗುತ್ತದೆಂದು ಅವನು ಮಜ್ಜಿಗೆ ತರಿಸಿಕೊಂಡು ಅಲ್ಲೇ ಕುಡಿಯುತ್ತಿದ್ದ. ಆಮೇಲೆ ಅದನ್ನೂ ಮರೆಯತೊಡಗಿದ. ತಂಬಿಗೆಯ ಮೇಲೆ ನೊಣ ಕೂತಿರುತ್ತಿತ್ತು.

ಒಂದು ದಿನ ನಾನು ಇಸ್ತ್ರಿಗೆ ಇದ್ದಿಲು ಕೇಳಲು ಅಡುಗೆಮನೆಗೆ ಹೋದೆ. ಅತ್ತಿಗೆ ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು.

"ನಿಮ್ಮಣ್ಣ ನಿನ್ನ ಬೈದು ಎಷ್ಟು ದಿನಾ ಆತು?"

ನಾನು ನಕ್ಕೆ. "ಭಾಳ ದಿನಾ ಆತ್ರಿ ವೈನಿ. ಈಗ ನನ್ನ ಕೆಲಸ ಛಲೋ ಆಗೇತಿ."

"ನಿನ್ನ ಕೆಲಸ ಛಲೋ ಆಗಿಲ್ಲ," ಎಂದರು ಅತ್ತಿಗೆ. "ನಿನ್ನೆ ನೀ ಹಾಕಿದ ಕಾಜಾ ನಾ ನೋಡೀನಿ. ನನಗ ಕಾಣಿಸಿದ್ದು ಅವರಿಗೆ ಕಾಣಿಸಲಿಲ್ಲಂದ್ರ ಏನರ್ಥ?"

ನನ್ನ ನಗು ಅಲ್ಲೇ ನಿಂತಿತು. ಅತ್ತಿಗೆ ಕೆಳದನಿಯಲ್ಲಿ ಮುಂದುವರಿಸಿದರು. ಸಾರಿಗೆ ಉಪ್ಪು ಹಾಕುವುದನ್ನು ತಾನು ಮರೆತರೂ ಅಣ್ಣ ಸುಮ್ಮನೆ ಉಂಡನಂತೆ. ಮರುದಿನ ಬೇಕೆಂದೇ ಹಾಕದೆ ನೋಡಿದರಂತೆ, ಆಗಲೂ ಉಂಡ. ಹಿತ್ತಿಲ ಬೇವಿನ ಮರದ ಕೆಳಗೆ ಒಂದಿಷ್ಟು ಹೊತ್ತು ಅಡ್ಡಾದಾಗ ಕಣ್ಣು ಮುಚ್ಚಿದ್ದರೂ ಬಲಗಾಲು ಮಿಷನ್ ತುಳಿದಂತೆ ಆಡುತ್ತಲೇ ಇರುತ್ತದಂತೆ. "ದಣಿದ್ರ ಮಲಗಿ ಎದ್ದಾಗ ಹಗರ ಆಗಬೇಕು. ಇವರು ಎದ್ದಾಗ ಇನ್ನೂ ಭಾರ ಇರ್ತಾರ," ಎಂದರು.

ನನಗೆ ಅದು ಪೂರ್ತಿ ಅರ್ಥವಾಗಲಿಲ್ಲ. ಅವ್ವ ದೃಷ್ಟಿ ತೆಗೆದಳು. ಬಳೆ ಅಂಗಡಿಯವರು ಪಿತ್ತ ಎಂದರು. ನಮ್ಮಲ್ಲಿ ದಣಿವು, ಬ್ಯಾಸರಕಿ, ಬಸವಳಿಯುವುದು ಎಂಬ ಮಾತುಗಳೆಲ್ಲ ಇದ್ದವು. ಆದರೆ ಇವನಿಗೆ ಆದದ್ದು ಅವುಗಳಲ್ಲಿ ಯಾವುದೂ ಅಲ್ಲ ಎಂದು ಅತ್ತಿಗೆಗೆ ಮಾತ್ರ ಅನ್ನಿಸಿತ್ತು.

ತಹಶೀಲ್ ಕಚೇರಿಯಲ್ಲಿ ಪೇಶ್ಕಾರರಾಗಿದ್ದ ಒಬ್ಬ ಸಾಹೇಬರು ಮಗನ ನಿಕಾಹಕ್ಕೆ ಶೇರ್ವಾನಿ ಹೊಲಿಯಲು ಕೊಟ್ಟಿದ್ದರು. ಯುದ್ಧಕ್ಕೆ ಮೊದಲೇ ಹೈದರಾಬಾದಿನಿಂದ ತಂದು ಇಟ್ಟಿದ್ದ, ಒಂದೇ ಮುಖಕ್ಕೆ ಹೊಳಪಿದ್ದ ಕೆನೆಬಣ್ಣದ ಬಟ್ಟೆ. ಅಣ್ಣ ಅದನ್ನು ಒಂದು ಬೆಳಿಗ್ಗೆ ಕತ್ತರಿಸಿ ನನ್ನ ಕಡೆ ತಳ್ಳಿದ. ಕಚ್ಚಾ ಹೊಲಿಗೆ ಹಾಕಲೆಂದು ನಾನು ಎದೆಯ ಎರಡು ಭಾಗಗಳನ್ನು ಚಾಪೆಯ ಮೇಲೆ ಎದುರುಬದುರು ಹಾಸಿದೆ. ಅವು ಎದುರುಬದುರಾಗಲಿಲ್ಲ. ತಿರುಗಿಸಿದೆ, ಮತ್ತೆ ತಿರುಗಿಸಿದೆ. ಎರಡೂ ಎಡಗಡೆಯವೇ. ಬಲಗಡೆಗೆ ಭಾಗವೇ ಇಲ್ಲ, ಉಳಿದ ಬಟ್ಟೆಯಲ್ಲಿ ಅದು ಹುಟ್ಟುವಂತೆಯೂ ಇರಲಿಲ್ಲ.

"ಅಣ್ಣಾ, ಎರಡೂ ಎಡಗಡಿವ ಅದಾವು," ಎಂದೆ.

ಅಣ್ಣ ನೋಡಿದ. "ಹೌದಲ್ಲ," ಎಂದ. ಇನ್ನೊಂದು ಗಂಟಿಗೆ ಕೈ ಹಾಕಿದ. "ಹೋದ್ರ ಹೋತು."

ಹಿಂದೊಮ್ಮೆ ಯಾರದೋ ಅಂಗಿಯ ಕುತ್ತಿಗೆ ಪಟ್ಟಿ ಒಂದು ಎಳೆ ಓರೆಯಾದದ್ದಕ್ಕೆ ಊಟ ಬಿಟ್ಟು ಕೂತಿದ್ದ ಮನುಷ್ಯ ಇವನು. ಆ ಮಾತು ಅವನ ಬಾಯಿಂದ ಬಂದಾಗ ನನಗೆ ಬಟ್ಟೆಯ ಚಿಂತೆ ಹೋಗಿ ಅವನ ಚಿಂತೆ ಹತ್ತಿತು.

ಸಂಜೆ ಸಾಹೇಬರು ಅಳತೆ ನೋಡಲು ಬಂದರು. ನಾನೇ ಹೇಳಬೇಕಾಯಿತು. ಅವರ ಮುಖ ಕೆಂಪಾಯಿತು. "ಮಾಸ್ತರ್ರ! ಎಂಥಾ ಕಪಡಾ ಅದು, ಗೊತ್ತೈತೇನ್ರಿ ನಿಮಗ? ನಿಕಾಹ ಮುಂದಿನ ವಾರ ಐತಿ!" ಅಣ್ಣ ಮಿಷನ್ನು ನಿಲ್ಲಿಸಲಿಲ್ಲ, ತಲೆಯೆತ್ತಲೂ ಇಲ್ಲ. ಸಾಹೇಬರು ಇನ್ನೂ ಏನೋ ಅನ್ನಲು ಹೋದವರು ಬಗ್ಗಿ ಅವನ ಮುಖ ನೋಡಿದರು. ಅವರ ದನಿ ಇಳಿಯಿತು. "ನಿಮಗ ಜ್ವರಾ ಬಂದಾವೇನ್ರಿ?"

"ಇಲ್ರಿ," ಎಂದ ಅಣ್ಣ. ಮಿಷನ್ನು ಓಡುತ್ತಲೇ ಇತ್ತು.

ಸಾಹೇಬರು ಬಟ್ಟೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದರು. ಮರುದಿನ ಅವರ ಅಣ್ಣನ ಹಳೆಯ ಶೇರ್ವಾನಿಯೊಂದನ್ನು ಕಳಿಸಿದರು. ಅದನ್ನು ಎರಡೇ ದಿನದಲ್ಲಿ, ಕೈಹೊಲಿಗೆಯಲ್ಲೇ, ಮಗನ ಮೈಗೆ ಸರಿಮಾಡಿಕೊಟ್ಟವನು ನಾನು. ಆದರೆ ಮರುದಿನ ನಡೆದದ್ದು ಅದೊಂದೇ ಅಲ್ಲ.

ಬೆಳಿಗ್ಗೆ ಅಣ್ಣ ಬಂದು ಮಿಷನ್ನಿನ ಮುಂದೆ ಕುಳಿತು ಕಾಲು ಒತ್ತಿದ. ಕೆಳಗಿನ ಗಾಲಿ ತಿರುಗಿತು, ಮೇಲಿನದು ಅಲುಗಲಿಲ್ಲ. ಎರಡು ಗಾಲಿಗಳನ್ನು ಕೂಡಿಸುವ ತೊಗಲಿನ ಪಟ್ಟಾ ಇರಲಿಲ್ಲ. ಹರಿದು ಬಿದ್ದಿದೆಯೇನೋ ಎಂದು ನಾವಿಬ್ಬರೂ ಬಗ್ಗಿ ಹುಡುಕುತ್ತಿದ್ದಾಗ ಅವ್ವ ಬಾಗಿಲಲ್ಲಿ ಬಂದು ನಿಂತಳು.

"ಅಲ್ಲಿಲ್ಲ ಅದು. ಅಕಿ ತವರಿಗೆ ಹೋಗ್ಯಾಳ. ಪಟ್ಟಾನೂ ಒಯ್ದಾಳ."

"ಏನು?"

"ಆನೆಗುಂದಿಗೆ ಹೊಂಟಿದ್ದ ಬಂಡ್ಯಾಗ ಕೂತು ನಸುಕಿನ್ಯಾಗ ಹೋದ್ಲು. ನನಗ ಹೇಳೇ ಹೋಗ್ಯಾಳ. ಪಟ್ಟಾ ಬೇಕಿದ್ರ ನೀನ ಬಂದು ಇಸಗೋಬೇಕಂತ. ಬ್ಯಾರೆಯವರ ಕೈಯಾಗ ಕೊಡೂದಿಲ್ಲಂತ."

ಅಣ್ಣ ಸಿಟ್ಟಾಗುತ್ತಾನೆಂದು ನಾನು ಕಾದೆ. ಆಗಲಿಲ್ಲ. ನೂಲಿನ ಹುರಿ ಹೊಸೆದು ಗಾಲಿಗಳಿಗೆ ಕಟ್ಟಿದ. ನಾಲ್ಕು ಸುತ್ತು ತಿರುಗಿ ಜಾರಿಬಿತ್ತು. ಬಜಾರಿನಲ್ಲಿ ವಿಚಾರಿಸಲು ನನ್ನನ್ನು ಕಳಿಸಿದ. ಯುದ್ಧದ ಕಾಲದಲ್ಲಿ ಅಂಥ ಪಟ್ಟಾ ಎಲ್ಲಿಯದು? ನಾನು ಬರಿಗೈಲಿ ತಿರುಗಿ ಬಂದಾಗ ಅವನು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಬೀದಿ ನೋಡುತ್ತಿದ್ದ. ಗಿರಾಕಿಗಳು ಬಂದರು, ಕೇಳಿದರು, ಹೋದರು. ಮರುದಿನವೂ ಹಾಗೇ ಕುಳಿತ. ಸಂಜೆ ಎದ್ದು, "ನಡಿ, ಹೋಗಿ ಇಸಗೊಂಡು ಬರೂಣು," ಎಂದ. ಅಂಗಡಿ ಬಾಗಿಲಿಗೆ ಅವ್ವ ಕೂರುವುದೆಂದಾಯಿತು. ಬೆಳಗಾಗುತ್ತಲೇ ಹೊರಟೆವು.

ಅತ್ತಿಗೆಯ ತವರು ವಿರೂಪಾಪುರಗಡ್ಡೆ. ಆಚೆ ದಂಡೆಗೆ ಹಂಪಿ. ಹೊಳೆ ಎರಡು ಕವಲಾಗಿ ಒಡೆದು ಊರನ್ನು ಸುತ್ತುವರಿದಿದೆ. ಮಳೆಗಾಲದಲ್ಲಿ ಹರಿಗೋಲೇ ಗತಿ. ಬೇಸಿಗೆಯಲ್ಲಿ ಈ ಕಡೆಯ ಕವಲನ್ನು ಮೊಳಕಾಲುದ್ದ ನೀರಿನಲ್ಲಿ ನಡೆದೇ ದಾಟಬಹುದು. ಆನೆಗುಂದಿಯ ತನಕ ಬಂಡಿಯಲ್ಲಿ ಹೋಗಿ, ಅಲ್ಲಿಂದ ಬಂಡೆಗಳ ಸಂದಿಯಲ್ಲಿ ನಡೆದು ನಾವು ನೀರಿಗಿಳಿದೆವು. ನಾನು ದಾಟಿ ಆಚೆ ನಿಂತು ಪಂಚೆ ಹಿಂಡಿಕೊಂಡರೂ ಅಣ್ಣ ಬರಲಿಲ್ಲ. ನಡುನೀರಿನಲ್ಲಿ ನಿಂತುಬಿಟ್ಟಿದ್ದ. ಕಾಲ ಬಳಿ ಸಣ್ಣ ಮೀನು ಸುಳಿಯುತ್ತಿದ್ದವು. ತಾನಾಗಿಯೇ ಬರುವ ತನಕ ಕಲ್ಲಿನ ಮೇಲೆ ಕುಳಿತೆ.

ಅತ್ತಿಗೆ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದರು. ಅವರ ತಂದೆ ಹೊಲಿಗೆ ಬಿಟ್ಟು ಗದ್ದೆ ಹಿಡಿದವರು. "ಬರ್ರಿ ಅಳಿಯಂದ್ರ," ಎಂದು ಕಾಲಿಗೆ ನೀರು ಕೊಟ್ಟು ಎಮ್ಮೆಯ ಕಡೆ ಹೋದರು.

"ಪಟ್ಟಾ ಕೊಡು," ಎಂದ ಅಣ್ಣ.

"ಊಟಾ ಆಗ್ಲಿ," ಎಂದರು ಅತ್ತಿಗೆ.

ಊಟವಾಯಿತು. "ಕೊಡು ಈಗ."

"ಒಂದೀಟು ಅಡ್ಡಾಗಿ ಏಳ್ರಿ. ಬಿಸಿಲಾಗ ಹೋಗಾವರೇನು?"

ಅಣ್ಣ ಗೋಡೆಗೆ ಒರಗಿದವನು ಹಾಗೇ ಜಾರಿ ಮಲಗಿದ. ಸ್ವಲ್ಪ ಹೊತ್ತಿಗೆ ಅವನ ಬಲಗಾಲು ಆಡತೊಡಗಿತು. ಅತ್ತಿಗೆ ಹೇಳಿದ್ದನ್ನು ನಾನು ಕಣ್ಣಾರೆ ಕಂಡದ್ದು ಆಗ. ಹಿಮ್ಮಡಿ ಒತ್ತುತ್ತದೆ, ಮುಂಗಾಲು ಒತ್ತುತ್ತದೆ, ಮತ್ತೆ ಹಿಮ್ಮಡಿ. ಅತ್ತಿಗೆ ಬಂದು ಕೂತು ಆ ಪಾದದ ಮೇಲೆ ಅಂಗೈ ಇಟ್ಟರು. ಅದುಮಲಿಲ್ಲ, ಸುಮ್ಮನೆ ಇಟ್ಟುಕೊಂಡರು. ಬಹಳ ಹೊತ್ತಿನ ಮೇಲೆ ಅದು ನಿಂತಿತು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಡೆ ನೋಡದೆ ಸೆರಗಿನಿಂದ ಒರೆಸಿಕೊಂಡರು.

ಆ ದಿನ ಅವನು ಏಳಲಿಲ್ಲ. ಮರುದಿನ ಎದ್ದು, ಉಂಡು, ಮತ್ತೆ ಮಲಗಿದ. ಆಮೇಲೆ ಗದ್ದೆಯ ಬದುವಿನ ಮೇಲೆ ಒಬ್ಬನೇ ಹೋಗಿ ಕೂರತೊಡಗಿದ. ಆ ಗಡ್ಡೆಗೆ ಹಳೆಯ ಕಾಲುವೆಯ ನೀರು. ಸುತ್ತಲಿನ ಸೀಮೆಯೆಲ್ಲ ಬೂದಿಬಣ್ಣವಾದಾಗಲೂ ಅಲ್ಲಿ ಭತ್ತ ಹಸಿರಾಗಿ ನಿಂತಿರುತ್ತದೆ. ಬೆಳ್ಳಕ್ಕಿಗಳು ಅವನ ಹತ್ತಿರವೇ ಇಳಿಯುತ್ತಿದ್ದವು. ಅವನು ಪಟ್ಟಾದ ಮಾತು ಎತ್ತುವುದನ್ನೇ ಬಿಟ್ಟ. ನನಗೆ ಮೊದಮೊದಲು ಊರಿನ ಗಂಟುಗಳ ಚಿಂತೆ. ಅತ್ತಿಗೆಗೆ ಹೇಳಿದರೆ, "ಮದಿವಿ ಹಳೀ ಕುಬಸದಾಗೂ ಆಕ್ಕಾವು," ಎಂದರು.

ಒಂದು ಸಂಜೆ ನಾವಿಬ್ಬರೂ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದೆವು. ಅಣ್ಣ ತಾನಾಗಿಯೇ ಮಾತು ತೆಗೆದ.

"ಬಟ್ಟಿ ಮುಟ್ಟಿದ್ರ ಬಟ್ಟಿ ಅನಿಸ್ತಿರಲಿಲ್ಲ ತಮ್ಮಾ. ರೇಷ್ಮಿನೂ ಗೋಣಿಚೀಲನೂ ಎರಡೂ ಒಂದ. ಮೊದಲ ಯಾರರ ಖಣ ತಂದ್ರ, ಇದನ್ನ ತೊಟ್ಟಕೊಳ್ಳಾಕಿ ಹ್ಯಾಂಗ ಅದಾಳೋ, ಅಂತ ಮನಸಿನ್ಯಾಗ ಬರೂದು. ಈ ಸಲ ಯಾರ ಮದಿವಿ ಅಂತ ಕೇಳಾಕೂ ಬ್ಯಾಡಾಗಿತ್ತು."

"ಮತ್ತ ಯಾಕ ನಿಲ್ಲಿಸಲಿಲ್ಲ?" ಎಂದೆ.

ಅವನು ಬಲಗಾಲನ್ನು ನೀರಿನಿಂದ ಮೇಲೆತ್ತಿ ನೋಡಿಕೊಂಡ. "ನಿಂತ್ರ ಮತ್ತ ಏಳೂದಿಲ್ಲ ಅಂತ ಅಂಜಿಕಿ ಇತ್ತು."

ಇಷ್ಟು ವರ್ಷಗಳಾದರೂ ಆ ಮಾತು ನನ್ನನ್ನು ಬಿಟ್ಟಿಲ್ಲ. ನಾವೆಲ್ಲ ಅವನನ್ನು ಹುಮ್ಮಸ್ಸಿನ ಮನುಷ್ಯನೆಂದು ಹೊಗಳುತ್ತಿದ್ದಾಗ ಅವನು ಒಳಗೆ ಅಂಜಿಕೊಂಡು ತುಳಿಯುತ್ತಿದ್ದ. ಹೊರಗಿನವರಿಗೆ ಎರಡೂ ಒಂದೇ ಥರ ಕಾಣುತ್ತವೆ: ಕಾಲು ಓಡುತ್ತಿರುತ್ತದೆ, ಬಟ್ಟೆ ತಯಾರಾಗುತ್ತಿರುತ್ತದೆ.

ಇದಾದ ಕೆಲವು ದಿನಕ್ಕೆ, ಬೆಳಿಗ್ಗೆ ನಾನು ಅಂಗಳದಲ್ಲಿ ಹಲ್ಲು ಉಜ್ಜುತ್ತಿದ್ದೆ. ಅಣ್ಣ ಹಿಂದಿನಿಂದ ಬಂದು ನನ್ನ ಅಂಗಿಯ ಬಗಲು ಹಿಡಿದೆಳೆದ.

"ಏನೋ ಇದು? ಯಾವ ಕುರುಡ ಹೊಲದಾನ ಇದನ್ನ?"

"ನಾನ ಹೊಲದೀನಿ."

"ಸಿಂಪಿಗರ ಮನ್ಯಾಗ ಹುಟ್ಟಿ ಇಂಥಾ ಟಾಕಿ ಹಾಕ್ತಿ? ಎಮ್ಮಿ ಬಾಯಾಗ ಸೂಜಿ ಕೊಟ್ರ ಇದಕ್ಕಿಂತ ನೆಟ್ಟಗ ಹೊಲಿತೈತಿ! ಬಿಚ್ಚು!"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾ ಹೊರಗೆ ಬಂದರು. ಅಕ್ಕಿ ತುಂಬಿಟ್ಟಿದ್ದ ಗುಮ್ಮಿಯಲ್ಲಿ ಕೈಯಾಡಿಸಿ ಪಟ್ಟಾ ತೆಗೆದು ಅಣ್ಣನ ಮುಂದೆ ಹಿಡಿದರು. ಅವನು ಅದನ್ನು ನೋಡಿ, "ಇರ್ಲಿ. ನಾಳಿ ಹೋದ್ರಾತು," ಎಂದ.

ಊರಿಗೆ ಬಂದವನೇ ಅಣ್ಣ ಮೊದಲು ಹೋದದ್ದು ಪೇಶ್ಕಾರ ಸಾಹೇಬರ ಮನೆಗೆ. ನಾನೂ ಜೊತೆಗಿದ್ದೆ. ಕೆಟ್ಟ ಬಟ್ಟೆಯನ್ನು ಮಡಿಸಿ ಅವರ ಮುಂದಿಟ್ಟು ಮಾತನಾಡಲು ಹೋದವನು ಅತ್ತುಬಿಟ್ಟ. ಸಾಹೇಬರು ಗಾಬರಿಯಾಗಿ ಅವನ ಕೈ ಹಿಡಿದರು. "ಬಿಡ್ರಿ ಮಾಸ್ತರ್ರ, ಹೋಗ್ಲಿ ಬಿಡ್ರಿ. ನಿಕಾಹ ಛಲೋ ಆತು. ಇದನ್ನ ನೀವ ಇಟ್ಕೊರಿ. ಖುದಾ ಮೊಮ್ಮಗನ್ನ ಕೊಟ್ರ ಅವಗೊಂದು ತೋಳಿಲ್ಲದ ಸಣ್ಣ ಸದರಿ ಹೊಲದು ಕೊಡ್ರಿ." ಒಳಗಿನಿಂದ ಶರಬತ್ತು ಬಂತು. ಮನೆಗೆ ಬಂದು ಅತ್ತಿಗೆಗೆ ಹೇಳಿದಾಗ, "ಅತ್ರೇನು? ಛಲೋ ಆತು," ಎಂದರು.

ಮುಂದಿನ ಬೇಸಿಗೆ ಬರುವ ಮೊದಲೇ ಅತ್ತಿಗೆ ಅಂಗಡಿಗೆ ಬಂದು ಕುಳಿತರು. ಬಟ್ಟೆ ಇಸಿದುಕೊಳ್ಳುವ ಕೆಲಸ ಇನ್ನು ತನ್ನದು ಎಂದರು. ಗಂಟುಗಳ ರಾಶಿ ಕಿಟಕಿಗೆ ಮುಟ್ಟಿದರೆ ಅಲ್ಲಿಗೆ ಸಾಕು. ಬಿಸಿಲೇರಿದ ಮೇಲೆ ಹಲಗೆ ಬಾಗಿಲು ಹಾಕಬೇಕು, ನೆರಳು ಬೀದಿಗೆ ಇಳಿದ ಮೇಲೆ ತೆಗೆಯಬೇಕು. ಬಾಗಿಲು ಹಾಕಿದ ಹೊತ್ತಿನಲ್ಲಿ ಎಲ್ಲರೂ ಒಳಗೆ ಕೂತು ಉಣ್ಣಬೇಕು. ನಡುವೆ ಒಮ್ಮೆ, ಮದುವೆಗಳ ಜೋರಿನಲ್ಲೇ, ಗಡ್ಡೆಗೆ ಹೋಗಿ ಬರಬೇಕು. ಅಣ್ಣ ಗೊಣಗಿದ. ಅವ್ವ ಅತ್ತಿಗೆಯ ಕಡೆ ಆದಳು.

ಸಿದ್ದಾಪುರದ ಕಡೆಯ ಗೌಡರೊಬ್ಬರು ಆ ಬೇಸಿಗೆ ನಡುಮಧ್ಯಾಹ್ನ ಬಂದು ಬಾಗಿಲು ಬಡಿದರು. ಅತ್ತಿಗೆ ಒಂದು ಹಲಗೆ ಸರಿಸಿದರು.

"ಮಾಸ್ತರ ಎಲ್ಲಿ?"

"ಮಲಗ್ಯಾರ್ರಿ."

"ಹಗಲಾಗ?"

"ಹೌದ್ರಿ, ಹಗಲಾಗ."

"ಎಬ್ಬಸು. ನನ್ನ ಮಗನ ಮದಿವಿ ಐತಿ."

"ಕುಂದರ್ರಿ, ನೀರು ಕುಡೀರಿ. ಆದ್ರ ಎಬ್ಬಸೂದಿಲ್ರಿ. ಈ ಹುಣ್ಣಿವಿ ತನಕ ಹೊಸಾ ಬಟ್ಟಿ ಇಸಗೊಳ್ಳೂದೂ ಇಲ್ರಿ."

ಗೌಡರು ನೀರು ಕುಡಿಯದೆ ಹೋದರು. ಒಳಗೆ ಅಣ್ಣ ಎಚ್ಚರವಾಗಿಯೇ ಇದ್ದ. ಮಗ್ಗುಲು ಬದಲಿಸಿದ, ಆದರೆ ಏಳಲಿಲ್ಲ. ಅದು ಅವನಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಹಾಗೆ ಹೋದ ಕೆಲವರು ಬೇರೆ ಅಂಗಡಿ ಹಿಡಿದರು. ಕೆಲವರು ಮಳೆಗಾಲದಲ್ಲೇ ಬಟ್ಟೆ ತಂದುಕೊಟ್ಟು ಹೋಗುವುದನ್ನು ಕಲಿತರು. ಮನೆಯಲ್ಲಿ ಮೊದಲಿಗಿಂತ ಕೈ ಬಿಗಿಯಾಯಿತು, ನಿಜ. ಅತ್ತಿಗೆ ಅದನ್ನು ತನ್ನ ಅಡುಗೆಮನೆಯಲ್ಲೇ ಹೇಗೋ ಸರಿದೂಗಿಸಿದರು.

ಎಲ್ಲವೂ ಅಲ್ಲಿಗೇ ಸರಿಹೋಯಿತೆಂದಲ್ಲ. ಇನ್ನೊಂದು ಬೇಸಿಗೆಯಲ್ಲಿ ಅಣ್ಣ ಹಳೆಯ ಗೆಳೆಯನೊಬ್ಬನಿಂದ ಗುಟ್ಟಾಗಿ ಬಟ್ಟೆ ಇಸಿದುಕೊಂಡು ಹಾಸಿಗೆ ಸುರುಳಿಯೊಳಗೆ ಇಟ್ಟಿದ್ದ. ನಾವೆಲ್ಲ ಮಲಗಿದ ಮಧ್ಯಾಹ್ನಗಳಲ್ಲಿ ಕೈಯಿಂದ ಹೊಲಿಯುತ್ತಿದ್ದ. ನನಗೆ ಅದು ಗೊತ್ತಾದದ್ದು ಬೇರೆ ದಾರಿಯಿಂದ. ನಾನು ಒಂದು ಅಂಗಿಯ ತೋಳಿಗೆ ಇಸ್ತ್ರಿಯ ಕಂದು ಗುರುತು ಬೀಳಿಸಿದೆ. ಅಣ್ಣ ನೋಡಿ ಸುಮ್ಮನೆ ಪಕ್ಕಕ್ಕಿಟ್ಟ. ನಾನು ನೇರ ಅಡುಗೆಮನೆಗೆ ಹೋದೆ. "ವೈನಿ, ಅಣ್ಣ ಇವತ್ತು ಬೈಲಿಲ್ರಿ," ಎಂದೆ. ಅತ್ತಿಗೆ ಒಲೆಯ ಕೊಳ್ಳಿ ಹಿಂದಕ್ಕೆಳೆದು ಎದ್ದು, ಮನೆಯೆಲ್ಲ ತಡಕಿ ಹಾಸಿಗೆ ಸುರುಳಿ ಬಿಚ್ಚಿದರು, ಬಟ್ಟೆ ಹೊರಬಿತ್ತು. ಮರುದಿನವೇ ಇಬ್ಬರೂ ಗಡ್ಡೆಯ ದಾರಿ ಹಿಡಿದರು. ಆ ಸಲ ಪಟ್ಟಾ ಬಚ್ಚಿಡುವ ಕೆಲಸ ಬೀಳಲಿಲ್ಲ. ಅಣ್ಣನೇ ಬುತ್ತಿಗಂಟು ಹೊತ್ತುಕೊಂಡು ಮುಂದೆ ನಡೆದ.

ಯುದ್ಧ ಮುಗಿದ ಮೇಲೆ ನನ್ನ ಮದುವೆಯಾಯಿತು. ಕೊಪ್ಪಳದಲ್ಲಿ ಬೇರೆ ಅಂಗಡಿ ಇಟ್ಟೆ. ನನಗೆ ಅಣ್ಣನಷ್ಟು ಹೆಸರಿರಲಿಲ್ಲ, ಆದರೂ ಬೇಸಿಗೆಯಲ್ಲಿ ಕೈತುಂಬ ಕೆಲಸ. ಒಂದು ವರ್ಷ ಯಲಬುರ್ಗಿ ಕಡೆಯ ತಾಯಿಯೊಬ್ಬರು ಮಗಳ ಮದುವೆಯ ಖಣ ತಂದು ನನ್ನ ಮುಂದೆ ಬಿಚ್ಚಿದರು. ಅವರು ಮಗಳ ಬಗ್ಗೆ ಏನೇನೋ ಹೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಅಳತೆಯ ಟೇಪು ಕೈಗೆತ್ತಿಕೊಂಡಾಗ ಗಮನಕ್ಕೆ ಬಂತು: ಆ ಖಣ ಯಾವ ಬಣ್ಣದ್ದೆಂದು ನಾನು ಇನ್ನೂ ನೋಡಿಯೇ ಇರಲಿಲ್ಲ.

ಟೇಪು ಕೆಳಗಿಟ್ಟೆ. "ತಾಯಿ, ಇದನ್ನ ನಾಳಿ ತರ್ರಿ. ಇವತ್ತು ನನ್ನ ಕೈಯಾಗ ಕೊಡಬ್ಯಾಡ್ರಿ," ಎಂದೆ. ಅವರು ಅಚ್ಚರಿಯಿಂದ ನೋಡಿದರು. ಕೊಪ್ಪಳದಲ್ಲೇ ತಂಗಿಯ ಮನೆಯಿದೆ, ಇದ್ದು ನಾಳೆ ಬರುತ್ತೇನೆ ಎಂದರು. ನಾನು ಬಾಗಿಲು ಹಾಕಿ ಮನೆಗೆ ನಡೆದೆ.

ಅಷ್ಟು ಬೇಗ ಬಂದದ್ದು ಕಂಡು ಹೆಂಡತಿ ಗಾಬರಿಯಾದಳು. "ಏನಾತ್ರಿ?"

"ಏನೂ ಆಗಿಲ್ಲ," ಎಂದೆ. "ಮಲಗ್ತೀನಿ."

ಅವಳು ನನ್ನ ಮುಖ ನೋಡಿ ಕಿಟಕಿಯ ಬಾಗಿಲು ಹಾಕಿದಳು. ನೆಲಕ್ಕೆ ನೀರು ಚಿಮುಕಿಸಿ ಚಾಪೆ ಹಾಸಿದಳು. ಎದ್ದಾಗ ದನಗಳು ಮನೆಗೆ ಬರುವ ಹೊತ್ತು. ಉಳ್ಳಾಗಡ್ಡಿ ಹೆಚ್ಚಿ ಹಾಕಿದ ನುಚ್ಚು ಮಜ್ಜಿಗೆ ಕೊಟ್ಟಳು. ಅದರ ಹುಳಿ ನಾಲಿಗೆಗೆ ಗೊತ್ತಾಯಿತು. ಮರುದಿನ ಆ ತಾಯಿ ಬಂದರು. ಖಣ ಹಸಿರು ಮೈಯದು, ಕೆಂಪು ಅಂಚು. ಮಗಳು ಹೇಗಿದ್ದಾಳೆಂದು ಈ ಸಲ ನಾನೇ ಕೇಳಿದೆ. ಅವರು ಮೊದಲಿನಿಂದ ಹೇಳಿದರು.